ಎಡಚಿಯ ಚೂರಿ

ಓಲ್ಬಿಯಾ ವಿಮಾನ ನಿಲ್ದಾಣದಲ್ಲಿ ಮೀಸೆ ಮೂಡದ ಹುಡುಗ
ನನ್ನ ಹದಿನೇಳು ವರ್ಷದ ಮಡಚುಚೂರಿಯನ್ನು
ಸತ್ತ ಇಲಿಯ ಬಾಲ ಹಿಡಿದಂತೆ
ಎರಡೇ ಬೆರಳಲ್ಲಿ ಎತ್ತಿ
ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿದ.
ಅಲ್ಲಾಗಲೇ ಒಂದು ಉಗುರುಕತ್ತರಿ, ಒಂದು ಕಸೂತಿ ಸೂಜಿ.
ತೊರೀನೊದಲ್ಲಿ ಅಕ್ಕನಿಗೆ ಆಪರೇಷನ್ನು;
ಜಗಳಕ್ಕೆ ಹೊತ್ತಿರಲಿಲ್ಲ.

ಮೂರು ದಿನ ಆಸ್ಪತ್ರೆಯಲ್ಲಿ ಅವಳ ಸೇಬನ್ನು
ಹಲ್ಲಲ್ಲೇ ಕಚ್ಚಿ ತುಂಡುಮಾಡಿ ಕೊಟ್ಟೆ.
‘ಗವೀನಾ, ನೀನೇನು ತಾಯಿಹಕ್ಕಿಯಾ?’ ಅಂದಳು,
ನಕ್ಕಳು, ಹೊಲಿಗೆ ಎಳೆದು ನೋವಾಗಿ
ನನ್ನನ್ನೇ ಬೈದಳು.

ಪಟ್ಟಾಡಕ್ಕೆ ಮರಳಿ ಎರಡೇ ದಿನಕ್ಕೆ
ಬಕೀಝಿಯೊನ ಅಂಗಡಿಯ ಮುಂದೆ ನಾನು.
ಗಾಜಿನಡಿ ಟಗರುಕೊಂಬಿನ ಹಿಡಿಗಳು,
ಹಿತ್ತಾಳೆಯ ಕಟ್ಟು, ಸಾಣೆಯ ಹೊಳಪು.
ಗೇಣುದ್ದದ ಒಂದಕ್ಕೆ ಬೆರಳು ತೋರಿದೆ.
ಮುದುಕ ತೆಗೆಯಲಿಲ್ಲ.
‘ನಿನ್ನೆ ಬೆಳಗಿನಿಂದ ಏನೇನು ಕೊಯ್ದೆ, ಹೇಳು.’

ನಿನ್ನೆ ಕೊಯ್ಯಲಾಗದ್ದನ್ನೇ ಹೇಳಬೇಕಾಯಿತು.
ನಾನು ಅಂಚೆಯವಳು. ಕಾಗದದ ಕಟ್ಟಿನ ದಾರ
ಹಲ್ಲಲ್ಲಿ ಹರಿದೆ. ಮಿಂಟೋನಿಯಾ ಅಜ್ಜಿಯ ಪಾರ್ಸೆಲ್ಲು,
ಮಗಳು ಕಳಿಸಿದ ಉಣ್ಣೆಯ ಚಪ್ಪಲಿ,
ಅದರ ಟೇಪನ್ನು ಅವಳ ಮನೆಯ ಕೀಲಿಯಿಂದಲೇ
ಕೆರೆದೂ ಕೆರೆದೂ ಬಿಚ್ಚಿದೆ; ಚಪ್ಪಲಿಗೂ ಒಂದು ಗೀರು.
ತಂತಿಬೇಲಿಗೆ ಸಿಕ್ಕ ಕುರಿಮರಿ,
ಅದನ್ನು ಬಿಡಿಸಲಾಗದೆ ಬಾರೋರೆಯನ್ನು ಕೂಗಿದ್ದು,
ಅವನು ಬರುವವರೆಗೆ ಅದರ ಬಾಯಿಗೆ ಬೆರಳು ಕೊಟ್ಟು ಕೂತದ್ದು.

‘ಇಷ್ಟಕ್ಕೆ ಅಷ್ಟುದ್ದದ್ದು ಯಾಕಮ್ಮ?
ಅದು ಗೋಡೆಗೆ ಹಾಕುವವರದ್ದು.
ಜೇಬಿನ ಚೂರಿ ಅಂದರೆ
ಇದ್ದಾಗ ಮರೆತಿರಬೇಕು,
ಇಲ್ಲದಾಗ ನೆನಪಾಗಬೇಕು.’

ಮಾತು ಹಿಡಿಸಲಿಲ್ಲ. ಗಂಡಸು ಕೇಳಿದ್ದರೆ
ಈ ಉಪದೇಶ ಇರುತ್ತಿತ್ತೆ? ಕೊಡು ಅಂದೆ. ಕೊಟ್ಟ.
ಅಲಗು ಬಿಚ್ಚಲು ಉಗುರಿಗೆಂದು ಕೊರೆದ ಗೆರೆ
ಆಚೆ ಮಗ್ಗುಲಲ್ಲಿ.
ನನ್ನ ಎಡ ಹೆಬ್ಬೆಟ್ಟು ಉಕ್ಕಿನ ಮೇಲೆ
ಹಿಮದಲ್ಲಿ ಹೋರಿ ಜಾರಿದಂತೆ ಜಾರಿತು,
ಮತ್ತೆ ಜಾರಿತು.
ಚಿನ್ನದ ಚೂರಿಯೆಂದು ಹೊಟ್ಟೆಗೆ ಇರಿದುಕೊಳ್ಳುವುದೆ?
ಕೆಳಗಿಟ್ಟೆ. ಇನ್ನೊಂದು. ಅದರದ್ದೂ ಆಚೆಗೇ.
ಮತ್ತೊಂದು ಹಗುರ, ಚೊಕ್ಕ, ಕಡಿಮೆ ಬೆಲೆ,
ಅದರದ್ದೂ.

ಅಷ್ಟರಲ್ಲಿ ಮಧ್ಯಾಹ್ನದ ಗಂಟೆ. ಬಾಗಿಲು ಅರ್ಧ ಮುಚ್ಚಿ
ಏಪ್ರನ್ನಿನ ಕಿಸೆಯಿಂದ ತನ್ನದನ್ನು ತೆಗೆದ.
ಸೋಂಪಿನ ಗೆಡ್ಡೆ ಸೀಳಿದ, ಚೀಸಿನ ತೊಗಟೆ ಹೆರೆದ,
ಮೊನೆಯಲ್ಲಿ ಒಂದು ಚೂರು ಚುಚ್ಚಿ ನನ್ನ ಕಡೆ ಚಾಚಿದ.
ಸವೆದು ಸವೆದು ಹುಲ್ಲಿನಷ್ಟು ತೆಳ್ಳಗಾದ ಅಲಗು.
ಅದನ್ನು ಹಿಡಿದದ್ದು
ಎಡಗೈ.

‘ನೀನೂ?’
‘ಬರೆಯೋದು ಬಲಗೈ. ಸನ್ಯಾಸಿನಿಯರ ಶಾಲೆ,
ಗೆಣ್ಣಿನ ಮೇಲೆ ಬೆತ್ತ. ಮಾರೋದೂ ಬಲಗೈಗೇ.
ಉಣ್ಣೋದು ಮಾತ್ರ ಹೀಗೆ.’
‘ನಮ್ಮಂಥವರಿಗೆ ಯಾಕೆ ಮಾಡಲಿಲ್ಲ?’
ಸೋಂಪು ಅಗಿದ. ಬಹಳ ಹೊತ್ತು ಅಗಿದ.
‘ಯಾರೂ ಕೇಳಲಿಲ್ಲ.’

ಕೇಳಿದೆ.

ಹಳೆಯ ರಸೀದಿಯ ಬೆನ್ನ ಮೇಲೆ ನನ್ನ ಅಂಗೈ ಒತ್ತಿಸಿ
ಪೆನ್ಸಿಲ್ಲಿನಲ್ಲಿ ಸುತ್ತ ಗೆರೆ ಎಳೆದ,
ಬೆರಳಸಂದಿಗೆ ಬಂದಾಗ ಕಚಗುಳಿ.
ಆರು ವಾರ ಅಂದ. ಆಮೇಲೆ, ನಾನು ಏನೂ ಅನ್ನದಿದ್ದರೂ,
ತನ್ನದನ್ನು ತೊಡೆಗೆ ಒರೆಸಿ, ಮಡಚಿ, ಮುಂದಿಟ್ಟ.
‘ಎರವಲು. ಆದರೂ ಒಂದು ನಾಣ್ಯ ಇಡು.
ಬಿಟ್ಟಿ ಕೊಟ್ಟ ಚೂರಿ ಮೊದಲು ನಂಟು ಕೊಯ್ಯುತ್ತದೆ.’
ಸೋಂಪಿನ ಸಿಪ್ಪೆಯ ಪಕ್ಕ ಐವತ್ತು ಸೆಂಟು ಇಟ್ಟೆ.
ಚಿಲ್ಲರೆ ಇಲ್ಲ ಅಂದ.

ಸ್ಕೂಟರಿನಲ್ಲಿ ಇಳಿಜಾರು ಇಳಿಯುತ್ತಿದ್ದೇನೆ.
ಮಿಂಟೋನಿಯಾಗೆ ಇವತ್ತು ಕರೆಂಟು ಬಿಲ್ಲು ಮಾತ್ರ,
ಕೊಯ್ಯುವಂಥದ್ದು ಏನೂ ಇಲ್ಲ.
ಎರಡು ತಿರುವಿನಲ್ಲಿ ಮೂರು ಸಲ
ಎಡಜೇಬು ಮುಟ್ಟಿ ನೋಡಿಕೊಂಡೆ.
ಮರೆಯುವುದು ಇನ್ನೂ ಬಂದಿಲ್ಲ.